ದೀಪ ಹೋದರೆ ಪ್ರೊಜೆಕ್ಟರ್ ಗುಜರಿಗಲ್ಲ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಪಾಟಿನ ಮೇಲೆ ಬಟ್ಟೆ ಹೊದ್ದು ಕುಳಿತ ಪ್ರೊಜೆಕ್ಟರ್‌ಗಳನ್ನು ನಾವು ಕಂಡಿದ್ದೇವೆ. ಕೇಳಿದರೆ "ಹಾಳಾಗಿದೆ" ಎಂಬ ಒಂದೇ ಉತ್ತರ. ಏನು ಹಾಳಾಗಿದೆ ಎಂದು ಯಾರೂ ನೋಡಿರುವುದಿಲ್ಲ. ಹೊಸದಕ್ಕೆ ಅರ್ಜಿ ಬರೆಯುವ ಮೊದಲು ಅರ್ಧ ಗಂಟೆ ಅದನ್ನು ನೋಡಬೇಕೆಂಬುದು ನಮ್ಮ ವಾದ.

ಇವುಗಳಲ್ಲಿ ಇರುವುದು ಹೆಚ್ಚಾಗಿ ಪಾದರಸದ ಆವಿಯ ದೀಪ. ಆಯುಸ್ಸು ಹೆಚ್ಚಾಗಿ 2000ದಿಂದ 5000 ಗಂಟೆ. ಅದನ್ನು ಉರಿಸುವುದು ಬ್ಯಾಲಾಸ್ಟ್. ಟ್ಯೂಬ್‌ಲೈಟಿನ ಚೋಕ್ ಗೊತ್ತಲ್ಲ, ಅದರ ಎಲೆಕ್ಟ್ರಾನಿಕ್ ಅಣ್ಣ ಎನ್ನಿ. ಹೊತ್ತಿಸುವ ಕ್ಷಣಕ್ಕೆ ಸಾವಿರಾರು ವೋಲ್ಟ್ ಕೊಡುತ್ತದೆ, ಆಮೇಲೆ ನೂರರ ಆಸುಪಾಸು ಸಾಕು.

ಫ್ಯಾನ್ ತಿರುಗುತ್ತಿದೆ, ಪರದೆ ಕತ್ತಲು, ದೀಪದ ಗುರುತಿನ ಬಳಿ ಕೆಂಪು ಬೆಳಕು. ಇಲ್ಲಿಗೇ ನಮ್ಮವರು ಕೈ ಚೆಲ್ಲುತ್ತಾರೆ. ಮೊದಲು ಪ್ಲಗ್ ತೆಗೆದು ಒಂದು ಗಂಟೆ ತಣಿಯಲು ಬಿಡಿ. ಫಿಲ್ಟರಿನ ಧೂಳು ತೆಗೆಯಿರಿ. ಗಾಳಿ ಆಡದೆ ಬಿಸಿಯಾದರೂ ಯಂತ್ರ ತಾನೇ ಆರುತ್ತದೆ. ದೀಪದ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ, ಅದರಡಿ ಸಣ್ಣ ಸ್ವಿಚ್ ಇರುತ್ತದೆ. ಚಿತ್ರ ಕೆಲವು ವಾರಗಳಿಂದ ಮಂಕಾಗಿ, ಮಿಣುಕಿ, ಕೊನೆಗೆ ನಿಂತಿದ್ದರೆ ಸಂಶಯ ದೀಪದ ಮೇಲೆಯೇ. ದೀಪ ಉರಿದ ಗಂಟೆ ಮೆನುವಿನಲ್ಲಿ ಸಿಗುತ್ತದೆ. ಆದರೆ ದೀಪವೇ ಉರಿಯದಿದ್ದರೆ ಮೆನು ಕಾಣುವುದೆಲ್ಲಿ? ಚೆನ್ನಾಗಿರುವಾಗಲೇ ತಿಂಗಳಿಗೊಮ್ಮೆ ಬರೆದಿಡಬೇಕು.

ಪಕ್ಕದ ಕೋಣೆಯಲ್ಲಿ ಅದೇ ಮಾದರಿಯ ಪ್ರೊಜೆಕ್ಟರ್ ಇದ್ದರೆ, ಅದರ ದೀಪ ತಂದು ಇದಕ್ಕೆ ಹಾಕಿ. ಗಾಜು ಮುಟ್ಟದೆ ಚೌಕಟ್ಟು ಹಿಡಿಯಿರಿ. ಉರಿಯಿತೋ, ದೀಪ ಕೊಂಡರೆ ಸಾಕು. ಉರಿಯದಿದ್ದರೆ ಬ್ಯಾಲಾಸ್ಟ್ ಕಡೆಗೆ ಬೆರಳು ತೋರಿಸಬಹುದು, ಆದರೂ ಅದೇ ಎಂದು ಹಟ ಹಿಡಿಯಬೇಡಿ. ಬಣ್ಣದ ಚಕ್ರ ನಿಂತಿದ್ದರೂ ಕೆಲವು ಮಾದರಿಗಳು ದೀಪ ಹೊತ್ತಿಸುವುದಿಲ್ಲ. ಉಬ್ಬಿದ, ಕಪ್ಪಾದ ಹಳೆಯ ದೀಪವನ್ನು ಮಾತ್ರ ಒಳ್ಳೆಯ ಯಂತ್ರಕ್ಕೆ ಹಾಕಿ ಪರೀಕ್ಷಿಸಬೇಡಿ, ಒಡೆದೀತು. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಿರಿ, ಪಾದರಸವಿದೆ. ಬ್ಯಾಲಾಸ್ಟ್ ಬಿಚ್ಚುವುದು ನಮ್ಮ ಕೆಲಸವಲ್ಲ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್ ಹೊಡೆಯುತ್ತದೆ.

ಇಷ್ಟೆಲ್ಲ ಯಾಕೆಂದರೆ, ಕನ್ನಡ ಮಾಧ್ಯಮಕ್ಕೆ ಬೇಕಾದ ವಿಡಿಯೊಗಳು ಎಲ್ಲವೂ ಸಿದ್ಧವಾಗಿ ಸಿಗುವುದಿಲ್ಲ. ನಮ್ಮ ಅಧ್ಯಾಪಕರು ರಾತ್ರಿ ಕೂತು ಕನ್ನಡದ ಧ್ವನಿ, ಕನ್ನಡದ ಹೆಸರು ಸೇರಿಸುತ್ತಾರೆ. ಪರದೆ ಆರಿದರೆ ಆ ದುಡಿಮೆಯೂ ಆರಿತು. ರಕ್ಷಕ ಶಿಕ್ಷಕ ಸಂಘ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಎತ್ತಿಡುವ ಹಣದಲ್ಲಿ ಸ್ವಲ್ಪವನ್ನು ದೀಪಕ್ಕೆಂದೇ ತೆಗೆದಿಡಲಿ. ರಿಪೇರಿಯವರು ಬಂದಾಗ ಹೋದದ್ದು ದೀಪವೋ ಬ್ಯಾಲಾಸ್ಟೋ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿ. ಯಾವ ಬೆಳಕಿಗೆ ಯಾವ ಅರ್ಥ ಎಂಬುದನ್ನು ಕೈಪಿಡಿಯಿಂದ ಕನ್ನಡಕ್ಕೆ ಇಳಿಸಿ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ಎಂಟನೆಯ ತರಗತಿಯ ಮಕ್ಕಳೇ ಅದನ್ನು ಚೆನ್ನಾಗಿ ಬರೆದುಕೊಡುತ್ತಾರೆ.