ಗುಜರಿಗೆ ಹಾಕೋ ಮೊದಲು ಬಿಚ್ಚಿ ನೋಡ್ರಿ

ಬಿದ್ದ ಗಾಡಿ ಮನ್ಯಾಗ ಇಡಬಾರದು, ಗುಜರಿಗೆ ಹಾಕ್ರಿ ಅಂತ ತೆಂಗಳಿಯೊಳಗ ಹಿರಿಯರು ಹೇಳ್ತಾರ. ನಾವು ನಾಲ್ವರು ಈ ರಜಾದಾಗ ಅಂಥದ್ದೇ ಒಂದು ಬೈಕ್ ಬಿಚ್ಚಿ ಕೂತೀವಿ. ನಮ್ಮ ಪ್ರಕಾರ, ರೆಡಿಮೇಡ್ ಮಿನಿ ಪ್ರಾಜೆಕ್ಟ್ ಕೊಳ್ಳೋದಕ್ಕಿಂತ ಇದು ಸಾವಿರ ಪಾಲು ಮೇಲು.

ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಬರೆದು ಮಾರ್ಕ್ಸ್ ತಗೋತೀವಿ. ಆದ್ರ ಯೀಲ್ಡ್ ಪಾಯಿಂಟ್ ದಾಟಿದ ಉಕ್ಕು ಅಂದ್ರ ಏನು ಅನ್ನೋದು ಸೊಟ್ಟಾದ ಫೋರ್ಕ್ ಪೈಪ್ ಕೈಯಾಗ ಹಿಡಿದಾಗಲೇ ತಿಳೀತದ. ದಪ್ಪ ಗಾಜಿನ ಮ್ಯಾಲೆ ಉರುಳಿಸಿದ್ರ ಸೊಟ್ಟು ಎಲ್ಲದ ಕಾಣ್ತದ. ಚಕ್ರಗಳ ಪಕ್ಕ ದಾರ ಎಳೆದು ಹಿಡಿದ್ರ ಎರಡೂ ಒಂದೇ ಗೆರೆಯಾಗ ಇವೆಯೋ ಇಲ್ಲೋ ಗೊತ್ತಾಗ್ತದ.

ಹಳೇ ಗಾಡಿಗೆ ಯಾಕಿಷ್ಟು ಕಷ್ಟ ಅಂತೀರಾ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಗಳು ಇವತ್ತಿಗೂ ರೋಡಿನ ಮ್ಯಾಲೆ ಕಾಣ್ತಾವ. ಅವನ್ನ ಉಳಿಸಿದ್ದು ರಿಪೇರಿ ಮಾಡೋ ಕೈಗಳು.

ಹಂಗಂತ ಹಠ ಬ್ಯಾಡ. ಟ್ಯಾಂಕಿನ ತಗ್ಗು ತೆಗೀಬಹುದು, ಹ್ಯಾಂಡಲ್ ಬದಲಿಸಬಹುದು. ಸ್ಟೀರಿಂಗ್ ಹೆಡ್ ಹತ್ರ ಫ್ರೇಮ್ ಬಿರುಕು ಬಿಟ್ಟಿದ್ರ, ಅಲಾಯ್ ವೀಲ್ ಸೀಳಿದ್ರ, ವೆಲ್ಡಿಂಗ್ ಮಾಡಿಸಿ ಪೇಂಟ್ ಬಳಿದು ಓಡಿಸೋದು ಜೀವದ ಜೂಜು. ಕಣ್ಣಿಗೆ ಕಾಣದ ಬಿರುಕು ಹುಡುಕೋದಕ್ಕ ಡೈ ಪೆನಿಟ್ರಂಟ್ ಟೆಸ್ಟ್ ಅದ. ಸೇಡಂ ರೋಡಿನಾಗ ಸಿಮೆಂಟ್ ಲಾರಿಗಳ ನಡುವೆ ಬ್ರೇಕ್ ಹಿಡಿದಾಗ ಫೋರ್ಕ್ ಮುರಿದ್ರ, ಇಂಟರ್ನಲ್ಸ್ ಥರಾ ಎರಡನೇ ಚಾನ್ಸ್ ಇರೂದಿಲ್ಲ.

ಅದಕ್ಕ, ಬಿಚ್ಚೋ ಮೊದಲು ಪ್ರತಿ ಬೋಲ್ಟಿನ ಫೋಟೋ ತೆಗೀರಿ. ಜೋಡಿಸಿದ ಮ್ಯಾಲೆ ಅನುಭವ ಇರೋ ಮಿಸ್ತ್ರಿಗೆ ತೋರಿಸ್ರಿ. ಅವರು ಹೂಂ ಅಂದ ಮ್ಯಾಲೇ ಕಿಕ್ ಹೊಡೀರಿ, ಅದೂ ಹೆಲ್ಮೆಟ್ ಹಾಕ್ಕೊಂಡು.