ಭಾವಚಿತ್ರದ ಅಳತೆ ಯಾರ ಹೊಣೆ?

ಬ್ಯಾಂಕ್ ನೌಕರಿಗೋ ಸರ್ಕಾರಿ ಹುದ್ದೆಗೋ ಗುರುತಿನ ಚೀಟಿಗೋ ಇಂದು ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವವರು ಎದುರಿಸುವ ಮೊದಲ ಪರೀಕ್ಷೆ ಅವರ ಅರ್ಹತೆಯದಲ್ಲ, ಭಾವಚಿತ್ರದ ಅಳತೆಯದು. ಅಗಲ ಇಷ್ಟು, ಎತ್ತರ ಇಷ್ಟು, ಕಡತದ ಗಾತ್ರ ಇಂತಿಷ್ಟು ಕಿಲೋಬೈಟ್ ಎಂಬ ಷರತ್ತುಗಳನ್ನು ಪೂರೈಸದಿದ್ದರೆ ಅರ್ಜಿಯ ಮುಂದಿನ ಪುಟವೇ ತೆರೆಯುವುದಿಲ್ಲ. ಆಡಳಿತದ ದೃಷ್ಟಿಯಲ್ಲಿ ಇದು ಕ್ಷುಲ್ಲಕ ತಾಂತ್ರಿಕ ಸಂಗತಿ ಇರಬಹುದು. ಕೊನೆಯ ದಿನದ ಸಂಜೆ ಈ ಕಾರಣಕ್ಕೆ ಅರ್ಜಿ ಸಲ್ಲಿಸಲಾಗದೆ ಉಳಿದ ಅಭ್ಯರ್ಥಿಗೆ ಮಾತ್ರ ಅದು ಒಂದು ಇಡೀ ವರ್ಷದ ಪ್ರಶ್ನೆ.

ಅಳತೆಗಳ ವೈವಿಧ್ಯವನ್ನೇ ನೋಡೋಣ. ನಾವು ‘ಪಾಸ್‌ಪೋರ್ಟ್ ಸೈಜ್’ ಎನ್ನುವ ಚಿತ್ರ ಸಾಮಾನ್ಯವಾಗಿ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ್ದು. 4×6 ಅಂಗುಲದ ಒಂದು ಹಾಳೆಯಲ್ಲಿ ಇಂಥ ಎಂಟು ಪ್ರತಿಗಳನ್ನು ಮುದ್ರಿಸಿ ಕೊಡುವುದು ಸ್ಟುಡಿಯೊಗಳ ರೂಢಿ. ಪ್ಯಾನ್ ಕಾರ್ಡಿನ ಕಾಗದದ ಅರ್ಜಿ ಕೇಳುತ್ತ ಬಂದಿದ್ದು 25×35 ಮಿ.ಮೀ. ಅಳತೆಯನ್ನು. ಅಮೆರಿಕದ ವೀಸಾಕ್ಕೆ ಎರಡು ಅಂಗುಲದ ಚೌಕ ಬೇಕು. ಬ್ಯಾಂಕ್ ಸಿಬ್ಬಂದಿ ನೇಮಕಾತಿ ಸಂಸ್ಥೆಯಾದ ಐಬಿಪಿಎಸ್‌ನ ಪ್ರಕಟಣೆಗಳಲ್ಲಿ ಕಂಡುಬಂದಿರುವ ಅಳತೆ 200×230 ಪಿಕ್ಸೆಲ್. ಕಡತ 20ರಿಂದ 50 ಕಿಲೋಬೈಟ್ ಒಳಗಿರಬೇಕು. ಸಹಿಗೆ ಮತ್ತೆ ಬೇರೆಯದೇ ಅಳತೆ: 140×60 ಪಿಕ್ಸೆಲ್, 10ರಿಂದ 20 ಕಿಲೋಬೈಟ್.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇವು ಒಂದೇ ಚಿತ್ರದ ದೊಡ್ಡ ಮತ್ತು ಸಣ್ಣ ರೂಪಗಳಲ್ಲ. ಅಗಲ ಮತ್ತು ಎತ್ತರದ ಅನುಪಾತವೇ ಬೇರೆ. ಪಾಸ್‌ಪೋರ್ಟ್ ಚಿತ್ರದಲ್ಲಿ ಅದು 0.78; 200×230ರಲ್ಲಿ 0.87. ಮೇಲಿನ ಹಾಗೂ ಕೆಳಗಿನ ಅಂಚಿನಿಂದ ಒಟ್ಟು ಐದು ಮಿ.ಮೀ.ನಷ್ಟು ಕತ್ತರಿಸಿ ಆಮೇಲೆ ಕಿರಿದುಗೊಳಿಸುವುದು ಸರಿಯಾದ ಕ್ರಮ. ಹಾಗೆ ಮಾಡದೆ ಎರಡು ಸಂಖ್ಯೆಗಳನ್ನು ತುಂಬಿ ಗುಂಡಿ ಒತ್ತಿದರೆ ಮುಖ ಶೇ 12ರಷ್ಟು ಅಡ್ಡಕ್ಕೆ ಹಿಗ್ಗುತ್ತದೆ. ಗುರುತು ಪತ್ತೆಗೆಂದು ಕೇಳಿದ ಚಿತ್ರವೇ ಗುರುತನ್ನು ಕೆಡಿಸುತ್ತದೆ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅದಕ್ಕೆ ಉತ್ತರ ಹೇಳಬೇಕಾದವನು ಅಭ್ಯರ್ಥಿ, ನಮೂನೆಯನ್ನು ರೂಪಿಸಿದವರಲ್ಲ.

ಕಿಲೋಬೈಟ್‌ಗಳ ಮಿತಿಗೂ ಒಂದು ಕಾಲಕ್ಕೆ ಕಾರಣವಿತ್ತು. ದೂರವಾಣಿ ತಂತಿಯ ಮೂಲಕ ಅಂತರ್ಜಾಲ ತೆವಳುತ್ತಿದ್ದಾಗ, ಸಂಗ್ರಹಣೆ ದುಬಾರಿಯಾಗಿದ್ದಾಗ ಸಣ್ಣ ಕಡತ ಅನಿವಾರ್ಯವಾಗಿತ್ತು. ಇಂದು ಸಾಧಾರಣ ಮೊಬೈಲ್ ತೆಗೆಯುವ ಚಿತ್ರವೇ ಹಲವು ಮೆಗಾಬೈಟ್ ಇರುತ್ತದೆ. ಕನಿಷ್ಠ ಮಿತಿಯಂತೂ ಇನ್ನೂ ವಿಚಿತ್ರ. ಕಡತದ ಗಾತ್ರ ಚಿತ್ರದ ಸ್ಪಷ್ಟತೆಯ ಅಳತೆಗೋಲಲ್ಲ. ಬಿಳಿ ಹಿನ್ನೆಲೆಯ ಒಳ್ಳೆಯ ಚಿತ್ರ ಕಡಿಮೆ ಜಾಗದಲ್ಲಿ ಅಡಗಬಲ್ಲದು. ಗಿಜಿಗುಡುವ ಹಿನ್ನೆಲೆಯ ಮಸುಕು ಚಿತ್ರವೂ ಮಿತಿಯನ್ನು ಸಲೀಸಾಗಿ ದಾಟಬಲ್ಲದು.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದು ವೆಚ್ಚದ ವರ್ಗಾವಣೆ. ಬಂದ ಚಿತ್ರವನ್ನು ತನಗೆ ಬೇಕಾದ ಅಳತೆಗೆ ಇಳಿಸಿಕೊಳ್ಳುವ ತಂತ್ರಾಂಶವನ್ನು ಸಂಸ್ಥೆ ಒಮ್ಮೆ ಬರೆಸಿದರೆ ಸಾಕು. ಅದನ್ನು ಉಳಿಸಿದ್ದರಿಂದ ಪ್ರತಿ ಅರ್ಜಿದಾರನೂ ಸಮಯವನ್ನೋ ಹಣವನ್ನೋ ತೆರಬೇಕಾಗಿದೆ. ಈ ವೆಚ್ಚ ಯಾವ ಇಲಾಖೆಯ ಆಯವ್ಯಯದಲ್ಲೂ ಕಾಣದು. ಆದ್ದರಿಂದ ಅದನ್ನು ಕಡಿಮೆ ಮಾಡುವ ಒತ್ತಡವೂ ಯಾರ ಮೇಲೂ ಇಲ್ಲ. ಮನೆಯಲ್ಲಿ ಕಂಪ್ಯೂಟರ್ ಇರುವವರಿಗೆ ಇದು ಹತ್ತು ನಿಮಿಷದ ಕಿರಿಕಿರಿ. ಹಳ್ಳಿಯಿಂದ ಬಸ್ ಹಿಡಿದು ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಗೆ ಬರುವವರಿಗೆ ಒಂದು ದಿನದ ಕೂಲಿ.

ಹಣಕ್ಕಿಂತ ಗಂಭೀರವಾದದ್ದು ಖಾಸಗಿತನದ ಪ್ರಶ್ನೆ. ಅಂಗಡಿಯ ಕಂಪ್ಯೂಟರಿನಲ್ಲಿ, ಇಲ್ಲವೆ ಉಚಿತವಾಗಿ ಅಳತೆ ಬದಲಿಸಿಕೊಡುವ ಅಪರಿಚಿತ ತಾಣಗಳಲ್ಲಿ, ನಮ್ಮ ಮುಖ ಮತ್ತು ಸಹಿಯ ಪ್ರತಿಗಳು ಉಳಿಯುತ್ತವೆಯೋ ಅಳಿಯುತ್ತವೆಯೋ ತಿಳಿಯುವ ಮಾರ್ಗವಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ ದೇಶದಲ್ಲಿ ಸಾರ್ವಜನಿಕ ಸಂಸ್ಥೆಗಳ ನಿಯಮಗಳೇ ಜನರನ್ನು ಇಂಥ ಅಪಾಯಕ್ಕೆ ದೂಡುವುದು ವಿಪರ್ಯಾಸ.

ಪ್ರತಿ ಸಂಸ್ಥೆಗೂ ಅದರದೇ ಅಗತ್ಯವಿದೆ ಎಂಬ ವಾದ ಬರಬಹುದು. ಆದರೆ ನಮ್ಮ ಜೇಬಿನಲ್ಲಿರುವ ಎಟಿಎಂ, ಪ್ಯಾನ್ ಕಾರ್ಡುಗಳ ಗಾತ್ರ ಒಂದೇ: 85.60×53.98 ಮಿ.ಮೀ. ಅಂತರರಾಷ್ಟ್ರೀಯ ಮಾನದಂಡ ಒಂದಿರುವುದರಿಂದಲೇ ಯಾವ ಬ್ಯಾಂಕಿನ ಕಾರ್ಡೂ ಯಾವ ಯಂತ್ರದೊಳಗೂ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಮುಖ ಹೇಗಿರಬೇಕೆಂಬ ಬಗ್ಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡವಿದೆ. ದೇಶದೇಶಗಳ ನಡುವೆ ಸಾಧ್ಯವಾದ ಒಮ್ಮತ ಒಂದೇ ಸರ್ಕಾರದ ಇಲಾಖೆಗಳ ನಡುವೆ ಅಸಾಧ್ಯವೇ? ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ 2024ರಲ್ಲಿ ಅರ್ಜಿ ತುಂಬುವಾಗಲೇ ನೇರವಾಗಿ ಚಿತ್ರ ಸೆರೆಹಿಡಿಯುವ ವ್ಯವಸ್ಥೆಗೆ ಬದಲಾಯಿತು. ಇದು ಸ್ವಾಗತಾರ್ಹ, ಆದರೆ ಒಳ್ಳೆಯ ಮೊಬೈಲ್, ಒಳ್ಳೆಯ ಬೆಳಕು ಇಲ್ಲದವರಿಗೆ ಪರ್ಯಾಯ ಮಾರ್ಗವೂ ಇರಬೇಕು.

ಆಗಬೇಕಾದದ್ದು ಇಷ್ಟೆ. 35×45 ಅನುಪಾತವನ್ನು ಎಲ್ಲ ಸಾರ್ವಜನಿಕ ಅರ್ಜಿಗಳಿಗೂ ಸಮಾನವಾಗಿ ನಿಗದಿಪಡಿಸಬೇಕು. ಕಡತದ ಕನಿಷ್ಠ ಮಿತಿಯನ್ನು ತೆಗೆದು, ಗರಿಷ್ಠ ಮಿತಿಯನ್ನು ಇಂದಿನ ಮೊಬೈಲ್‌ಗಳಿಗೆ ತಕ್ಕಂತೆ ಹಿಗ್ಗಿಸಬೇಕು. ಕತ್ತರಿಸುವ, ಕಿರಿದುಗೊಳಿಸುವ ಕೆಲಸವನ್ನು ಸಂಸ್ಥೆಯ ತಂತ್ರಾಂಶವೇ ಮಾಡಿ, ಫಲಿತಾಂಶವನ್ನು ಅರ್ಜಿದಾರನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಇದಕ್ಕೆ ಹೊಸ ಕಾನೂನಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಯಂತ್ರ ಮಾಡಬಲ್ಲ ಕೆಲಸವನ್ನು ಪ್ರಜೆಯಿಂದ ಮಾಡಿಸುವುದನ್ನು ಇ-ಆಡಳಿತ ಎನ್ನಲಾಗದು.