ಸರಕಾರದ ಅದೃಷ್ಟದಂಗಡಿ

ಜೂಜಾಡುವವನನ್ನು ಹಿಡಿದು ದಂಡ ವಿಧಿಸುವ ಸರಕಾರವೇ ಅಂಗಡಿಯಿಟ್ಟು ಅದೃಷ್ಟವನ್ನು ಮಾರತೊಡಗಿದರೆ ಹೇಗಿರುತ್ತದೆ? ನಮ್ಮ ದೇಶದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದ್ದು ಕೇರಳ. 1967ರಲ್ಲಿ ಅಧಿಕಾರಕ್ಕೆ ಬಂದ ನಂಬೂದಿರಿಪಾಡರ ಮಂತ್ರಿಮಂಡಲಕ್ಕೆ ಹಣ ಬೇಕಾಗಿತ್ತು. ಹೊಸ ತೆರಿಗೆ ಹೇರಿದರೆ ಜನ ಗೊಣಗುತ್ತಾರೆ. ಜನರು ತಾವಾಗಿಯೇ, ಅದೂ ನಗುನಗುತ್ತ, ತೆರುವಂಥ ತೆರಿಗೆಯೊಂದನ್ನು ಅರ್ಥಸಚಿವ ಪಿ. ಕೆ. ಕುಂಞು ಅವರು ಕಂಡುಹಿಡಿದರು. ಖಾಸಗಿ ಲಾಟರಿಗಳಿಗೆ ನಿಷೇಧ ಬಿದ್ದಿತು; ಆ ವ್ಯಾಪಾರ ಸರಕಾರದ ಕೈಸೇರಿತು. ಅದೇ ವರ್ಷದ ನವೆಂಬರ್ 1ರಂದು ಒಂದು ರೂಪಾಯಿಯ ಟಿಕೆಟ್ಟು ಹೊರಬಂದಿತು. 1968ರ ಜನವರಿ 26ರಂದು ಮೊದಲ ಡ್ರಾ. ಮೊದಲ ಬಹುಮಾನ 50,000 ರೂಪಾಯಿ.

ಇಂದು ಆ ಸಂಖ್ಯೆಗೆ ಯಾರೂ ತಲೆಯೆತ್ತಿ ನೋಡರು. 2022ರ ಓಣಂ ಬಂಪರಿನ ಮೊದಲ ಬಹುಮಾನ 25 ಕೋಟಿ. ಟಿಕೆಟ್ಟಿನ ಬೆಲೆ 500 ರೂಪಾಯಿ. ಮಾರಾಟವಾದದ್ದು 66 ಲಕ್ಷಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿ, ಓದುಗರೇ: 330 ಕೋಟಿ! ಗೆದ್ದಾತನಿಗಾದರೂ 25 ಕೋಟಿ ಪೂರ್ತಿ ಸಿಕ್ಕೀತೆ? ಏಜೆಂಟನ ಪಾಲು ಶೇಕಡಾ 10, ಉಳಿದುದರಲ್ಲಿ ಆದಾಯ ತೆರಿಗೆ ಶೇಕಡಾ 30. ಕೈಗೆ ಬರುವುದು 15 ಕೋಟಿ 75 ಲಕ್ಷ. ಹೀಗೆ ಕೊಡುವಾಗಲೂ ಸರಕಾರ ಒಂದಿಷ್ಟು ಮರಳಿ ಪಡೆಯುತ್ತದೆ.

ಇದರಲ್ಲಿ ಪುಣ್ಯಕಾರ್ಯವಿಲ್ಲವೆಂದಲ್ಲ. 2011ರಲ್ಲಿ ಆರಂಭವಾದ 'ಕಾರುಣ್ಯ' ಲಾಟರಿಯ ಉದ್ದೇಶವೇ ಬಡರೋಗಿಗಳ ಚಿಕಿತ್ಸೆಗೆ ನೆರವು. ಆದರೆ ದಿನಗೂಲಿಯಲ್ಲಿ ಒಂದು ಪಾಲನ್ನು ಪ್ರತಿ ಸಂಜೆ ಈ ಕಾಗದಕ್ಕೆ ಸುರಿಯುವವನೂ ಬಡವನೇ. ಒಬ್ಬ ಬಡವನ ಔಷಧಿಗೆ ಇನ್ನೊಬ್ಬ ಬಡವನ ಆಸೆಯಿಂದ ಹಣ ಕೂಡಿಸುವುದು ನನಗಂತೂ ಹಿತವೆನಿಸುವುದಿಲ್ಲ. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ಆಸೆಯನ್ನು ಯಾರು ನಿಷೇಧಿಸಿಯಾರು? ತಲಪಾಡಿಯ ಗಡಿ ದಾಟಿದರಾಯಿತು.

ಹಾಗೆ ದಾಟಿದವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕು. ಕಾಸರಗೋಡಿನಲ್ಲಿ ಕಾಲು ಊನವಾದ ವೃದ್ಧರೊಬ್ಬರು ಬಿಸಿಲಿನಲ್ಲಿ ಟಿಕೆಟ್ಟು ಹಿಡಿದು ಕುಳಿತಿದ್ದರು. ಒಂದನ್ನು ಕೊಂಡು, "ನೀವೂ ಕೊಳ್ಳುವುದುಂಟೆ?" ಎಂದು ಕೇಳಿದೆ.

"ಕೊಳ್ಳುವುದೆಲ್ಲಿಂದ ಬಂತು ಸ್ವಾಮಿ! ಮಾರಿಹೋಗದೆ ಉಳಿದದ್ದನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದೆಲ್ಲ ನನ್ನದೇ" ಎಂದರು.

ಡ್ರಾಕ್ಕೆ ಇನ್ನು ಅರ್ಧ ಗಂಟೆಯಿತ್ತು. ಅವರ ಕೈಯಲ್ಲಿ ಹನ್ನೊಂದು ಉಳಿದಿದ್ದವು.